ಚೆಂಡು ಹೂವಿನ ಮನೆಮದ್ದು

ಚೆಂಡು ಹೂವಿನ ಎಸಳು ಮತ್ತು ಎಲೆಗಳಿಂದ ಮನೆಯಲ್ಲೇ ಮದ್ದು ತಯಾರಿಸುವ ರೂಢಿ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳನ್ನು ಒಳಗೊಂಡ ಸೀಮೆಯಲ್ಲಿ ಬಹು ಹಳೆಯದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಟ್ಯಾಜೆಟಿಸ್ ಇರೆಕ್ಟಾ ಎಂಬ ಶಾಸ್ತ್ರೀಯ ಹೆಸರಿನ ಈ ಗಿಡ ಮೆಕ್ಸಿಕೊ ಮೂಲದ್ದು. ಹದಿನಾರನೆಯ ಶತಮಾನಕ್ಕೆ ಮೊದಲು ಅದು ಭಾರತದಲ್ಲಿ ಇರಲಿಲ್ಲವಾದ್ದರಿಂದ ಚರಕ, ಸುಶ್ರುತ ಸಂಹಿತೆಗಳಲ್ಲಿ ಅದನ್ನು ಹುಡುಕುವುದು ವ್ಯರ್ಥ.

ಗಿಡದ ಔಷಧೀಯ ಬಳಕೆಯ ಹಳೆಯ ಲಿಖಿತ ದಾಖಲೆಗಳಲ್ಲೊಂದು, ಮೆಕ್ಸಿಕೊದ ಸ್ಥಳೀಯ ವೈದ್ಯ ಮಾರ್ಟಿನ್ ಡೆ ಲಾ ಕ್ರೂಜ್ 1552ರಲ್ಲಿ ರಚಿಸಿದ, ಹ್ವಾನ್ ಬಾಡಿಯಾನೊ ಲ್ಯಾಟಿನ್‌ಗೆ ಅನುವಾದಿಸಿದ ಗಿಡಮೂಲಿಕೆ ಗ್ರಂಥ. 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ಚುಗೀಸರು ಮೆಣಸಿನಕಾಯಿಯಂತೆಯೇ ಇದನ್ನೂ ಪಶ್ಚಿಮ ಕರಾವಳಿಗೆ ತಂದರೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಹೊರನಾಡಿನ ಸಸ್ಯ ಈ ನೆಲಕ್ಕೆ ಹೊಂದಿಕೊಂಡದ್ದು ಇದೊಂದೇ ಅಲ್ಲ: ಸವಣೂರಿನ ದೊಡ್ಡಹುಣಸೆ ಮಠದ ಬೃಹದ್ಗಾತ್ರದ ಮರಗಳೂ ಆಫ್ರಿಕಾ ಮೂಲದವು. ಚೆಂಡು ಹೂವಂತೂ ಬಲಿಪಾಡ್ಯಮಿಯಂದು ಸಗಣಿಯಿಂದ ಮಾಡಿದ ಪಾಂಡವರ ಮೂರ್ತಿಗಳಿಗೆ ಉತ್ತರಾಣಿ ಕಡ್ಡಿಯ ಜೊತೆ ಸಿಕ್ಕಿಸುವಷ್ಟು ಇಲ್ಲಿನದಾಗಿದೆ. ಹಬ್ಬಕ್ಕೆಂದು ಹಿತ್ತಲಲ್ಲಿ ಬೆಳೆಯುತ್ತಿದ್ದ ಗಿಡವೇ ಮದ್ದಿಗೂ ಕೈಗೆಟುಕುತ್ತಿದ್ದುದರಿಂದ ಈ ಎರಡು ಬಳಕೆಗಳೂ ಒಟ್ಟಿಗೆ ಬೆಳೆದಿರಬೇಕು.

ತಯಾರಿಕೆಯ ವಿಧಾನಗಳು ಸರಳ. ಎಲೆಯನ್ನು ಜಜ್ಜಿ ತೆಗೆದ ರಸವನ್ನು ಸಣ್ಣ ಗಾಯಕ್ಕೆ ಹಚ್ಚುವುದು, ಅರೆದ ಎಲೆಯನ್ನು ಕುರುವಿನ ಮೇಲೆ ಪಟ್ಟಾಗಿ ಕಟ್ಟುವುದು, ಎಸಳುಗಳನ್ನು ಕೊಬ್ಬರಿ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಕಾಯಿಸಿ, ಸೋಸಿ ಬಿರುಕುಬಿಟ್ಟ ಹಿಮ್ಮಡಿಗೆ ಸವರುವುದು ಇವುಗಳಲ್ಲಿ ಮುಖ್ಯವಾದವು. ವಸಾಹತು ಕಾಲದ ಔಷಧಸಸ್ಯ ಕೋಶಗಳು ಕಿವಿನೋವಿಗೆ ಎಲೆಯ ರಸವನ್ನೂ ರಕ್ತಸ್ರಾವದ ಮೂಲವ್ಯಾಧಿಗೆ ಹೂವಿನ ರಸವನ್ನೂ ಹೇಳುತ್ತವೆ. ಆದರೆ ಕಿವಿತಮಟೆ ತೂತಾಗಿದ್ದಲ್ಲಿ ಯಾವ ರಸವನ್ನು ಬಿಟ್ಟರೂ ಅಪಾಯವಾಗುವುದರಿಂದ ಮೊದಲನೆಯ ಪ್ರಯೋಗವನ್ನು ಕೈಬಿಡುವುದೇ ಸರಿ.

ಇತ್ತೀಚಿನ ಬರಹಗಳಲ್ಲಿ ಚೆಂಡು ಹೂವನ್ನೂ ಕ್ಯಾಲೆಂಡುಲಾವನ್ನೂ ಒಂದೇ ಎಂದು ತಿಳಿಯುವ ಗಂಭೀರವಾದ ಗೊಂದಲವೊಂದು ಸೇರಿಕೊಂಡಿದೆ. ಯುರೋಪಿನ ಮನೆಮದ್ದುಗಳಲ್ಲಿ ಹೆಸರಾದ ಕ್ಯಾಲೆಂಡುಲಾ ಮೆಡಿಟರೇನಿಯನ್ ಪ್ರದೇಶದ ಬೇರೆಯೇ ಸಸ್ಯ. ವಿಕಿರಣ ಚಿಕಿತ್ಸೆಯಿಂದಾಗುವ ಚರ್ಮದ ಉರಿಯೂತವನ್ನು ಅದರ ಮುಲಾಮು ತಗ್ಗಿಸುತ್ತದೆಂದು 254 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಫ್ರಾನ್ಸಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆ ಫಲಿತಾಂಶವನ್ನು ನಮ್ಮ ಚೆಂಡು ಹೂವಿಗೆ ಆರೋಪಿಸಲು ಆಧಾರವಿಲ್ಲ. ಚೆಂಡು ಹೂವಿನ ಗುಣಗಳು ಅದರವೇ: ಎಸಳಿನಲ್ಲಿ ಲೂಟೀನ್ ಎಂಬ ಹಳದಿ ವರ್ಣದ್ರವ್ಯ ಹೇರಳವಾಗಿದ್ದು, ಅದನ್ನು ಬೇರ್ಪಡಿಸಿ ಕೋಳಿ ಆಹಾರಕ್ಕೂ ಕಣ್ಣಿನ ಆರೋಗ್ಯದ ಪೂರಕ ಮಾತ್ರೆಗಳಿಗೂ ಬಳಸುತ್ತಾರೆ. ಬೇರಿನಲ್ಲಿರುವ ಆಲ್ಫಾ ಟರ್ತಿಯೆನಿಲ್ ಮಣ್ಣಿನ ಜಂತುಹುಳುಗಳನ್ನು ಕೊಲ್ಲುತ್ತದೆ. ಕಾಯಿಕೊರಕ ಹುಳುವನ್ನು ಸೆಳೆಯಲು 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ ನೆಡುವ ಪದ್ಧತಿಯನ್ನು ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಶಿಫಾರಸು ಮಾಡಿದೆ.

ಹೊಲದ ಬೆಳೆಯಾಗಿ ಈ ಹೂ ಹರಡಿದಂತೆ ಅದಕ್ಕೆ ಕೀಟನಾಶಕ ಸಿಂಪಡಿಸುವುದೂ ಬಂತು. ಮಾರುಕಟ್ಟೆಯ ಮಾಲೆಯ ಹೂವನ್ನು ಮದ್ದಿಗೆ ಬಳಸದೆ, ಸಿಂಪಡಣೆಯಿಲ್ಲದ ಹಿತ್ತಲ ಗಿಡದ್ದನ್ನೇ ಆರಿಸಬೇಕು. ಸೇವಂತಿಗೆ ಕುಟುಂಬದ ಹೂಗಳು ಮೈಗೆ ಒಗ್ಗದವರು ಮೊದಲು ಮುಂಗೈಯ ಮೇಲೆ ತುಸು ಸವರಿ ತುರಿಕೆಯಾಗುವುದೇ ಎಂದು ನೋಡಿಕೊಳ್ಳಬೇಕು.