ಬದುವಿನ ಗಂಧದ ಸಸಿ ಮತ್ತು ಮೈಸೂರಿನ ಎಣ್ಣೆ ಕಾರ್ಖಾನೆ

ಹೋದ ವಾರ ನಮ್ಮ ಆತಗೂರಿನ ಹಾಲಿನ ಡೇರಿ ಮುಂದೆ ಒಬ್ಬ ಹುಡುಗ ಬಣ್ಣದ ಪಾಂಪ್ಲೆಟ್ ಹಂಚಿ ಹೋದ. ಒಂದು ಎಕರೆ ಶ್ರೀಗಂಧ ಹಾಕಿ, ಹದಿನೈದು ವರ್ಷ ಸುಮ್ಮನಿರಿ, ಕೋಟಿ ಎಣಿಸಿ ಅಂತ ಅದರಲ್ಲಿ ಐತೆ. ಸಸಿ ಅವರೇ ಕೊಡ್ತಾರಂತೆ, ಮುಂಗಡ ನಾವು ಕಟ್ಟಬೇಕಂತೆ. ನಮ್ಮೋರಲ್ಲಿ ಮೂರು ಜನ ಹೆಸರು ಬರೆಸವ್ರೆ. ಒಬ್ಬ ಕಬ್ಬು ಕೂಳೆ ಬಿಡದೆ ಕಿತ್ತು ಹಾಕ್ತೀನಿ ಅಂತಾವ್ನೆ. ಅದಕ್ಕೇ ಈ ಸಲ ಭತ್ತದ ವಿಷಯ ಬಿಟ್ಟು ಗಂಧದ ವಿಷಯ ಬರೀತಿದೀನಿ. ಉದ್ದ ಆಗುತ್ತೆ, ಸಾಯಂಕಾಲ ಪುರುಸೊತ್ತಲ್ಲಿ ಓದಿ.

ನಾನು ಚಿಕ್ಕವನಿದ್ದಾಗ ನಮ್ಮ ತಾತ ಬದುವಿನಲ್ಲಿ ಗಂಧದ ಸಸಿ ಕಂಡರೆ ಕಿತ್ತು ಬಿಸಾಕೋರು. ಹಕ್ಕಿ ಹಣ್ಣು ತಿಂದು ಬೇಲಿ ಮೇಲೆ ಕೂತು ಬೀಜ ಉದುರಿಸೋದು, ಅಲ್ಲಿ ಗಿಡ ಹುಟ್ಟೋದು. ಬೇವು ಬಿಡೋರು, ಹೊಂಗೆ ಬಿಡೋರು, ಗಂಧ ಮಾತ್ರ ಬೆರಳುದ್ದ ಇದ್ದಾಗಲೇ ಕಿತ್ತುಬಿಡೋರು. ಯಾಕೆ ತಾತ ಅಂದ್ರೆ, "ಅದು ನಮ್ದಲ್ಲ ಕಣ್ಲಾ, ಬೆಳೆದ್ರೆ ಸರ್ಕಾರದ್ದು, ಕಳುವಾದ್ರೆ ಮಾತ್ರ ನಮ್ದು" ಅನ್ನೋರು. ಆಗ ತಮಾಷೆ ಅನ್ನಿಸ್ತಿತ್ತು. ಆಮೇಲೆ ನೋಡಿದರೆ ಕಾನೂನು ಹೆಚ್ಚು ಕಡಿಮೆ ಹಾಗೇ ಇತ್ತು. ಪಟ್ಟಾ ಜಮೀನಿನಲ್ಲಿ ಹುಟ್ಟಿದರೂ ಮರ ಸರ್ಕಾರದ ಸ್ವತ್ತು, ಕಾಯೋ ಜವಾಬ್ದಾರಿ ಜಮೀನಿನವನದ್ದು.

ಇದು ಶುರುವಾಗಿದ್ದು ನಮಗೆ ಹತ್ತಿರದ ಶ್ರೀರಂಗಪಟ್ಟಣದಿಂದಲೇ. ಟಿಪ್ಪು ಸುಲ್ತಾನ್ 1792ರಲ್ಲಿ ಗಂಧವನ್ನು ರಾಜಮರ ಅಂತ ಸಾರಿದ ಅಂತ ಬರೆದವ್ರೆ. ಅದೇ ವರ್ಷ ಇಂಗ್ಲಿಷರ ಜೊತೆ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಗಿ, ಮೂರು ಕೋಟಿ ಮೂವತ್ತು ಲಕ್ಷ ದಂಡ ಬಿದ್ದಿತ್ತು. ಖಜಾನೆಗೆ ದುಡ್ಡು ಬೇಕಿತ್ತು ಅನ್ನೋದು ನನ್ನ ಊಹೆ. ಟಿಪ್ಪು ಹೋದ, ಒಡೆಯರು ಬಂದರು, ಬ್ರಿಟಿಷ್ ಕಮಿಷನರ್‌ಗಳು ಬಂದರು, ಸ್ವಾತಂತ್ರ್ಯನೂ ಬಂತು. ಆ ಒಂದು ನಿಯಮವನ್ನು ಮಾತ್ರ ಯಾರೂ ಕೈಬಿಡಲಿಲ್ಲ. ಅಷ್ಟು ಆದಾಯ ಇತ್ತು ಅದರಲ್ಲಿ.

ಆದರೆ ನೂರು ವರ್ಷಕ್ಕೂ ಹೆಚ್ಚು ಕಾಲ ನಾವು ಮಾರಿದ್ದು ಕಟ್ಟಿಗೇನ, ಎಣ್ಣೇನಲ್ಲ. ಮೈಸೂರು ಸರ್ಕಾರ ಮರ ಹರಾಜು ಹಾಕೋದು, ಬಹುಪಾಲು ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗೋದು. ಅಲ್ಲಿ ಅವರು ಎಣ್ಣೆ ತೆಗೆದು ಲೋಕಕ್ಕೆಲ್ಲ ಮಾರೋರು. ಸೆಂಟಿಗೆ ಮಾತ್ರ ಅಂದ್ಕೋಬೇಡಿ. ಪೆನಿಸಿಲಿನ್ ಬರೋಕೆ ಮುಂಚೆ ಗುಹ್ಯರೋಗಕ್ಕೆ ಗಂಧದೆಣ್ಣೆಯ ಮಾತ್ರೆ ಕೊಡೋರು, ಅದೇ ಒಂದು ದೊಡ್ಡ ಮಾರುಕಟ್ಟೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯ್ತು, ಜರ್ಮನಿ ಶತ್ರು ದೇಶ ಆಯ್ತು. ಮರ ಕೊಳ್ಳೋರಿಲ್ಲದೆ ಡಿಪೋಗಳಲ್ಲಿ ರಾಶಿ ಬಿತ್ತು. ಕಾರ್ಖಾನೆ ಕಬ್ಬು ತಗೊಳ್ಳಲ್ಲ ಅಂದಾಗ ನಮ್ಮ ಗದ್ದೆಯಲ್ಲಿ ಕಬ್ಬು ಹೂ ಬಿಟ್ಟು ನಿಲ್ಲುತ್ತಲ್ಲ, ಹಾಗೆ.

ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯ ದಿವಾನರು. ಕೈಗಾರಿಕೆ ನೋಡಿಕೊಳ್ಳುತ್ತಿದ್ದವರು ಆಲ್ಫ್ರೆಡ್ ಚಾಟರ್ಟನ್. ನಾವೇ ಎಣ್ಣೆ ತೆಗೆದರೆ ಏನು ಅಂತ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಡ್‌ಬರೋ, ವಾಟ್ಸನ್ ಅನ್ನೋ ಪ್ರೊಫೆಸರುಗಳ ಕೈಲಿ ಪ್ರಯೋಗ ಮಾಡಿಸಿದರು. ಎಣ್ಣೆ ಬಂತು, ಚೆನ್ನಾಗೂ ಬಂತು. 1916-17ರ ಹೊತ್ತಿಗೆ ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಸರ್ಕಾರದ ಕಾರ್ಖಾನೆ ಎದ್ದವು. ಯುದ್ಧ ನಡೀತಿರುವಾಗಲೇ ಮೈಸೂರಿನ ಎಣ್ಣೆ ಹಡಗು ಹತ್ತಿತು. ಕೆ.ಆರ್.ಎಸ್. ಕಟ್ಟಿಸಿದ್ದಕ್ಕೆ ವಿಶ್ವೇಶ್ವರಯ್ಯನವರ ಫೋಟೋ ನಮ್ಮ ಮನೆಗಳಲ್ಲಿ ಐತೆ, ಈ ಕೆಲಸಕ್ಕೂ ಒಂದು ಹೂ ಏರಿಸಬಹುದು.

ಎಣ್ಣೆ ತೆಗೆಯೋದು ಹೇಗೆ ಅಂದರೆ, ಆಲೆಮನೆ ನೋಡಿದ ನಮಗೆ ತಿಳಿಯೋದು ಕಷ್ಟ ಅಲ್ಲ. ಮರದ ಹೊರಗಿನ ಬಿಳಿ ಭಾಗಕ್ಕೆ ವಾಸನೆ ಇಲ್ಲ, ಒಳಗಿನ ಚೇಗಿನಲ್ಲಿ ಮಾತ್ರ ಎಣ್ಣೆ. ಬೇರಿನಲ್ಲಿ ಇನ್ನೂ ಹೆಚ್ಚು. ಅದಕ್ಕೇ ಗಂಧದ ಮರ ಕಡಿಯಲ್ಲ, ಬುಡ ಸಮೇತ ಕೀಳ್ತಾರೆ. ಚೇಗನ್ನು ಪುಡಿ ಮಾಡಿ ದೊಡ್ಡ ಪಾತ್ರೆಗೆ ತುಂಬಿ, ಕೆಳಗಿಂದ ಹಬೆ ಬಿಡ್ತಾರೆ. ಹಬೆ ಎಣ್ಣೇನ ಹೊತ್ಕೊಂಡು ಮೇಲೆ ಬರುತ್ತೆ, ತಣ್ಣೀರಿನ ಕೊಳವೆಯಲ್ಲಿ ಇಳಿದು ನೀರು ಬೇರೆ ಎಣ್ಣೆ ಬೇರೆ ಆಗುತ್ತೆ. ಭಟ್ಟಿ ಇಳಿಸಿದ ಹಾಗೇ ಅನ್ನಿ, ಕುಡಿಯೋಕಲ್ಲ ಅಷ್ಟೆ. ನಮ್ಮ ಬೆಲ್ಲ ಮೂರು ಗಂಟೆಗೆ ಅಚ್ಚಿಗೆ ಬೀಳುತ್ತೆ, ಗಂಧಕ್ಕೆ ಎರಡು ಮೂರು ದಿನ ಒಂದೇ ಸಮ ಹಬೆ ಬೇಕು. ನೂರು ಕೆ.ಜಿ. ಒಳ್ಳೆ ಚೇಗಿಗೆ ನಾಲ್ಕೈದು ಕೆ.ಜಿ. ಎಣ್ಣೆ ಬಂದರೆ ಪುಣ್ಯ. ಎಳೆ ಮರದಲ್ಲಿ ಅಷ್ಟೂ ಇಲ್ಲ. ಪಾಂಪ್ಲೆಟ್ಟಿನಲ್ಲಿ ಈ ಮಾತಿಲ್ಲ, ನೆನಪಿಟ್ಕೊಳ್ಳಿ.

ಈ ಎಣ್ಣೆಗೆ ಯಾಕಪ್ಪ ಇಷ್ಟು ಬೆಲೆ? ಸೆಂಟು ಮಾಡೋರ ಲೆಕ್ಕದಲ್ಲಿ ವಾಸನೆಗೆ ಮೂರು ಅಂತಸ್ತು. ನಿಂಬೆ, ಕಿತ್ತಳೆ ಸಿಪ್ಪೆ ತರದ್ದು ಮೊದಲು ಮೂಗಿಗೆ ಬಡಿದು ಸ್ವಲ್ಪ ಹೊತ್ತಿಗೇ ಹಾರಿಹೋಗುತ್ತೆ. ಮಲ್ಲಿಗೆ, ಗುಲಾಬಿ ಕೆಲವು ಗಂಟೆ ನಿಲ್ಲುತ್ತೆ. ಮರ, ಅಂಟು, ಬೇರಿನ ವಾಸನೆ ಕೊನೇಗೆ ಉಳಿಯೋದು. ಗಂಧದೆಣ್ಣೆ ನಿಧಾನಕ್ಕೆ ಆರುತ್ತೆ, ಜೊತೆಗೆ ತನ್ನ ಮೇಲಿರೋ ಹೂವಿನ ವಾಸನೇನೂ ಬೇಗ ಹೋಗೋಕೆ ಬಿಡಲ್ಲ. ಉತ್ತರ ಪ್ರದೇಶದ ಕನ್ನೌಜಿನಲ್ಲಿ ಅತ್ತರು ಮಾಡೋರು ತಾಮ್ರದ ಹಂಡೆಯಲ್ಲಿ ಗುಲಾಬಿ ಬೇಯಿಸಿ, ಅದರ ಹಬೇನ ಗಂಧದೆಣ್ಣೆ ಇರೋ ಪಾತ್ರೆಗೇ ಇಳಿಸ್ತಾರೆ. ಹೂ ಅವರದು, ಹೂವನ್ನು ಹಿಡಿದಿಡೋ ಎಣ್ಣೆ ನಮ್ಮ ಕಡೇದು. ಈಗ ಗಂಧ ದುಬಾರಿ ಆಗಿ ಬಹಳ ಜನ ಪ್ಯಾರಾಫಿನ್ ಎಣ್ಣೆ ಹಾಕ್ತಾರೆ, ಅದು ಬೇರೆ ಮಾತು.

ಮಲ್ಲಿಗೆ ಬೆಳೆಯೋ ಹೆಣ್ಣುಮಕ್ಕಳು ಕೇಳಬಹುದು, ನಮ್ಮ ಹೂವಿನ ಎಣ್ಣೆ ಯಾಕೆ ಹೀಗೆ ತೆಗೆಯಲ್ಲ ಅಂತ. ಮಲ್ಲಿಗೆ ಹಬೆಗೆ ಬಾಡಿ ಬೆಂದ ಸೊಪ್ಪಿನ ವಾಸನೆ ಬರುತ್ತೆ. ಅದಕ್ಕೆ ಹೆಕ್ಸೇನ್ ಅನ್ನೋ ದ್ರಾವಣದಲ್ಲಿ ತೊಳೆದು, ಮೇಣದ ತರ ಕಾಂಕ್ರೀಟ್ ತೆಗೆದು, ಅದರಿಂದ ಮತ್ತೆ ಶುದ್ಧ ಸುಗಂಧ ತೆಗೀತಾರೆ. ಸುಗಂಧರಾಜಕ್ಕೂ ಹಾಗೇ.

ಸೋಪಿನ ಕಥೆ ನಿಮಗೆ ಗೊತ್ತಿರುತ್ತೆ. ಮಹಾರಾಜರಿಗೆ ಯಾರೋ ಫ್ರಾನ್ಸಿನವರು ಮೈಸೂರಿನ ಗಂಧದೆಣ್ಣೆಯಿಂದಲೇ ಮಾಡಿದ ಸೋಪು ಕಾಣಿಕೆ ಕೊಟ್ಟರಂತೆ, ನಮ್ಮ ಎಣ್ಣೇಲಿ ಅವರು ಮಾಡೋದಾದ್ರೆ ನಾವ್ಯಾಕೆ ಮಾಡಬಾರದು ಅಂತ ಹೊಳೆಯಿತಂತೆ. ಎಸ್.ಜಿ. ಶಾಸ್ತ್ರಿ ಅನ್ನೋ ನಮ್ಮವರೇ ಒಬ್ಬ ರಸಾಯನಶಾಸ್ತ್ರಜ್ಞರನ್ನು ಇಂಗ್ಲೆಂಡಿಗೆ ಕಳಿಸಿ ಕಲಿಸಿದರು. ಜನ ಅವರನ್ನ ಸೋಪ್ ಶಾಸ್ತ್ರಿ ಅಂತಲೇ ಕರೀತಿದ್ರು. 1918ರಲ್ಲಿ ಮೈಸೂರ್ ಸ್ಯಾಂಡಲ್ ಸೋಪು ಬಂತು. ಒಡವೆ ಪೆಟ್ಟಿಗೆ ತರದ ಡಬ್ಬಿ, ಸಿಂಹದ ಮೈ ಆನೆ ತಲೆಯ ಶರಭದ ಗುರುತು. ನಮ್ಮಮ್ಮ ಖಾಲಿ ಡಬ್ಬೀನ ಸೀರೆ ಮಡಿಕೆಯಲ್ಲಿ ಇಡೋಳು, ವರ್ಷ ಆದ್ರೂ ವಾಸನೆ ಹೋಗ್ತಿರಲಿಲ್ಲ. 1944ರಲ್ಲಿ ಶಿವಮೊಗ್ಗದಲ್ಲಿ ಇನ್ನೊಂದು ಎಣ್ಣೆ ಕಾರ್ಖಾನೆ ಆಯ್ತು. 1980ರಲ್ಲಿ ಎಲ್ಲ ಸೇರಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಆಯ್ತು. 1989ರಲ್ಲಿ ಪ್ಯಾರಿಸಿನ ಗೆರ್ಲೇನ್ ಕಂಪನಿ ಸಂಸಾರ ಅನ್ನೋ ಸೆಂಟು ತಂತು, ಅದರ ಜೀವಾಳ ಮೈಸೂರಿನ ಗಂಧ. ಹೆಸರು ನೋಡಿ ಹೆಂಗೈತೆ.

ಆ ಹೊತ್ತಿಗೆ ಇಲ್ಲಿ ಮರ ಮುಗೀತಾ ಬಂದಿತ್ತು. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡ ಸ್ಪೈಕ್ ರೋಗ ಒಂದು ಕಾರಣ. ಎಲೆ ಸಣ್ಣಗಾಗಿ ಮುಳ್ಳಿನ ಹಾಗೆ ನೆಟ್ಟಗೆ ನಿಂತು, ಎರಡು ಮೂರು ವರ್ಷದಲ್ಲಿ ಮರ ಒಣಗುತ್ತೆ. ಜಿಗಿಹುಳು ಹರಡುತ್ತೆ, ಮದ್ದಿಲ್ಲ. ಇನ್ನೊಂದು ಕಾರಣ ಕಳ್ಳಸಾಗಣೆ. ಮಳವಳ್ಳಿ, ಕೊಳ್ಳೇಗಾಲದ ಕಡೆ ನೆಂಟರಿರೋರಿಗೆ ವೀರಪ್ಪನ್ ಕಾಲ ಹೇಳಿಕೊಡಬೇಕಿಲ್ಲ. 2000ದಲ್ಲಿ ಅಣ್ಣಾವ್ರನ್ನ ಹೊತ್ಕೊಂಡು ಹೋದಾಗ 108 ದಿನ ನಮ್ಮೂರಲ್ಲಿ ಹಬ್ಬ ಹಬ್ಬದ ತರ ಇರಲಿಲ್ಲ. ಮೂರನೆ ಕಾರಣ ನಮ್ಮ ತಾತ. ತಾತ ಒಬ್ಬರೇ ಅಲ್ಲ, ಹಳೇ ಮೈಸೂರಿನ ಪ್ರತಿ ಬದುವಿನಲ್ಲೂ ಅಂಥ ಒಬ್ಬ ತಾತ ಇದ್ದ. ಬೆಳೆದವನಿಗೆ ಇಲ್ಲದ ಮರ ಉಳಿಯೋದು ಹೇಗೆ? ಇದು ನನ್ನ ಅಭಿಪ್ರಾಯ, ರೋಗಕ್ಕಿಂತ ಕಳ್ಳರಿಗಿಂತ ಈ ಕಾನೂನೇ ಹೆಚ್ಚು ಗಂಧ ಕೊಂದಿದ್ದು.

ಕೊನೆಗೆ 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆ ತಿದ್ದಿ, ಜಮೀನಿನಲ್ಲಿ ಬೆಳೆದ ಗಂಧಕ್ಕೆ ರೈತನೇ ಮಾಲೀಕ ಅಂತ ಮಾಡಿದರು. ಕೀಳೋಕೆ, ಸಾಗಿಸೋಕೆ ಇಲಾಖೆಯ ಅನುಮತಿ ಬೇಕು, ಅದು ಬೇರೆ.

ಆ ಮಾತು ನಂಬಿ ನಾನು 2008ರಲ್ಲಿ ಮೇಲಿನ ರಾಗಿ ಹೊಲದ ಸುತ್ತ ಅರವತ್ತು ಸಸಿ ಇಟ್ಟೆ. ಗಂಧ ಒಂಟಿಯಾಗಿ ಬದುಕಲ್ಲ, ಅದರ ಬೇರು ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಉಣ್ಣುತ್ತೆ. ನನಗದು ಗೊತ್ತಿರಲಿಲ್ಲ. ಬರೀ ಗಂಧ ಇಟ್ಟೆ, ಮೊದಲ ಎರಡು ಬೇಸಿಗೇಲಿ ಅರ್ಧ ಹೋಯ್ತು. ಆಮೇಲೆ ಮಧ್ಯೆ ತೊಗರಿ ಬಿತ್ತಿ, ದೂರಕ್ಕೆ ಹೊಂಗೆ, ಸರ್ವೆ ಇಟ್ಟ ಮೇಲೆ ಉಳಿದವು ಚಿಗುರಿದವು. ನಾಲೆ ಪಕ್ಕ ಇಟ್ಟ ಎಂಟು ಗಿಡ ಬೇರು ಕೊಳೆತು ಸತ್ತವು, ನೀರು ನಿಲ್ಲೋ ಗದ್ದೆ ಇದಕ್ಕಾಗಲ್ಲ. 2021ರ ಮಳೆಗಾಲದ ಒಂದು ರಾತ್ರಿ ಎರಡು ಮರ ಕುಯ್ದುಕೊಂಡು ಹೋದರು. ಅದಕ್ಕೆ ಮುಂಚೆ ನಾಲ್ಕು ಮರಕ್ಕೆ ಸಣ್ಣ ತೂತು ಕೊರೆದು ಚೇಗು ಬಂದೈತಾ ಅಂತ ನೋಡಿದ್ರು. ನಾಯಿ ಬೊಗಳಿತ್ತು, ಹಂದಿ ಇರಬೇಕು ಅಂದ್ಕೊಂಡು ಮಲಗಿದೆ. ದೂರು ಕೊಟ್ಟೆ, ಕಾಗದ ಬರ್ಕೊಂಡ್ರು, ಅಷ್ಟೆ. ಬೆಳಿಗ್ಗೆ ಹೋಗಿ ಬುಡ ಮೂಸಿದೆ. ಹದಿಮೂರು ವರ್ಷದಲ್ಲಿ ಚೇಗು ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಇತ್ತು. ವಾಸನೆ ಮಾತ್ರ ಅಮ್ಮನ ಸೀರೆ ಪೆಟ್ಟಿಗೇದೇ.

ಇನ್ನೊಂದು ವಿಷಯ. ನಮ್ಮದೇ ಜಾತಿ ಗಂಧವನ್ನು ಆಸ್ಟ್ರೇಲಿಯಾದ ಕುನುನರ್ರ ಅನ್ನೋ ಕಡೆ ಸಾವಿರಾರು ಎಕರೆ ಹಾಕವ್ರೆ. ಅಲ್ಲೂ ಸಣ್ಣಪುಟ್ಟ ಜನಕ್ಕೆ ಗಿಡದ ಮೇಲೆ ದುಡ್ಡು ಹಾಕಿ ಅಂತ ಮಾರಿದ್ರು. ಅಲ್ಲಿನ ದೊಡ್ಡ ಕಂಪನಿ ಕ್ವಿಂಟಿಸ್ 2018ರಲ್ಲಿ ಸಾಲ ತೀರಿಸೋಕಾಗದೆ ಬೇರೆ ಆಡಳಿತಗಾರರ ಕೈಗೆ ಹೋಯ್ತು. ಅದೂ ಅಲ್ಲದೆ ಪೈನ್ ಮರದ ಟರ್ಪೆಂಟೈನಿನಿಂದ ಗಂಧದ ವಾಸನೆ ಕೊಡೋ ರಾಸಾಯನಿಕ ಎಷ್ಟೋ ವರ್ಷದಿಂದ ಮಾಡ್ತಾವ್ರೆ, ಅಗ್ಗದ ಸೋಪು ಊದಿನಕಡ್ಡಿಗೆಲ್ಲ ಅದೇ. ನಿಜವಾದ ಎಣ್ಣೆಗೆ ಬೇಡಿಕೆ ಇದೆ, ಇರುತ್ತೆ. ಹದಿನೈದು ವರ್ಷದ ನಂತರದ ರೇಟು ಇವತ್ತು ಪಾಂಪ್ಲೆಟ್ಟಿನಲ್ಲಿ ಅಚ್ಚು ಹಾಕೋನು ಮಾತ್ರ ನನ್ನ ಕಣ್ಣಿಗೆ ಜ್ಯೋತಿಷಿ.

ಹಾಕಲೇಬೇಡಿ ಅಂತ ನಾನು ಹೇಳಲ್ಲ. ನನ್ನ ಹತ್ರ ಇನ್ನೂ ಇಪ್ಪತ್ತು ಮರ ಅವೆ, ಪಹಣಿಯಲ್ಲಿ ಬರೆಸಿದ್ದೀನಿ. ಬದುವಿಗೆ, ಮೇಲಿನ ಹೊಲಕ್ಕೆ ಹತ್ತಿಪ್ಪತ್ತು ಹಾಕಿ, ತೊಗರಿ ಜೊತೆ ಹಾಕಿ, ಸಸಿ ಇಲಾಖೆ ನರ್ಸರಿಯಿಂದ ತನ್ನಿ. ಕಬ್ಬಿನ ಗದ್ದೆ ಕೀಳೋ ಮಾತು ಮಾತ್ರ ಸ್ವಲ್ಪ ತಡೀರಿ. ಆ ಹುಡುಗ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮತ್ತೆ ಡೇರಿ ಹತ್ರ ಬರ್ತಾನಂತೆ. ಮರ ಕಳುವಾದರೆ ನಷ್ಟ ಯಾರದ್ದು, ಚೇಗು ಬರದಿದ್ದರೆ ಮುಂಗಡ ವಾಪಸ್ಸಾ, ಕೊಳ್ಳೋನ ಹೆಸರು ಕರಾರಿನಲ್ಲಿ ಎಲ್ಲೈತೆ, ಈ ಮೂರು ಕೇಳೋಣ ಅಂತಿದೀನಿ. ಹೆಸರು ಬರೆಸಿರೋರು ಹಾಲು ಹಾಕಿ ಅಲ್ಲೇ ನಿಂತಿರಿ, ನಾನೂ ಬರ್ತೀನಿ. ಆ ಹೆಬ್ಬೆರಳು ದಪ್ಪದ ಬುಡದ ತುಂಡಿನ ಫೋಟೋ ಫೋನಿನಲ್ಲಿ ಐತೆ, ತೋರಿಸ್ತೀನಿ.