ಹಂಗಾಮಿನ ಕೂಲಿಕಾರರಿಗೆ ನಿರುದ್ಯೋಗ ಭತ್ಯೆ: ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಅರ್ಜಿದಾರರ ಗಮನಕ್ಕೆ

ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಕೃಷಿ ಕೂಲಿಯು ವರ್ಷವಿಡೀ ದೊರೆಯುವಂಥದ್ದಲ್ಲ. ಮುಂಗಾರಿನಲ್ಲಿ ಬಿತ್ತಿದ ತೊಗರಿಯು ಡಿಸೆಂಬರ್‌-ಜನವರಿಯಲ್ಲಿ ರಾಶಿಯಾಗುತ್ತದೆ. ಹಿಂಗಾರಿ ಜೋಳದ ಕಟಾವು ಮುಗಿದ ನಂತರ ಮುಂದಿನ ಮಳೆಯವರೆಗೆ ಹೊಲದ ಕೆಲಸ ವಿರಳ. ಭೀಮಾ ದಂಡೆಯ ಕಬ್ಬಿನ ಗ್ರಾಮಗಳನ್ನು ಹೊರತುಪಡಿಸಿದರೆ, ಈ ಅವಧಿಯಲ್ಲಿ ಅನೇಕ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದ್ ಹಾಗೂ ಬೆಂಗಳೂರಿಗೆ ಗುಳೆ ಹೋಗುತ್ತವೆ. ಇಂತಹ ಕುಟುಂಬಗಳಿಗೆ ಕಾನೂನು ನೀಡಿರುವ ರಕ್ಷಣೆಯೇ ನಿರುದ್ಯೋಗ ಭತ್ಯೆ.

2006ರ ಫೆಬ್ರವರಿ 2ರಂದು ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಅಧಿನಿಯಮ, 2005 ಮೊದಲ ಹಂತದಲ್ಲಿ ಜಾರಿಯಾದಾಗ ರಾಜ್ಯದ ಐದು ಜಿಲ್ಲೆಗಳಲ್ಲಿ ಅಂದಿನ ಗುಲಬರ್ಗಾವೂ ಒಂದಾಗಿತ್ತು. ಸದರಿ ಅಧಿನಿಯಮದ 7ನೇ ಪ್ರಕರಣದ ಮೇರೆಗೆ, ಅರ್ಜಿ ಸ್ವೀಕೃತವಾದ ದಿನ ಅಥವಾ ಕೆಲಸ ಕೋರಿದ ದಿನ, ಇವೆರಡರಲ್ಲಿ ತಡವಾದುದರಿಂದ 15 ದಿನಗಳೊಳಗೆ ಕೆಲಸ ನೀಡದಿದ್ದಲ್ಲಿ ಅರ್ಜಿದಾರರು ದೈನಿಕ ಭತ್ಯೆಗೆ ಹಕ್ಕುಳ್ಳವರಾಗುತ್ತಾರೆ. ಮೊದಲ 30 ದಿನಗಳಿಗೆ ಕೂಲಿದರದ ಕಾಲು ಭಾಗಕ್ಕೂ, ಆರ್ಥಿಕ ವರ್ಷದ ಉಳಿದ ಅವಧಿಗೆ ಅರ್ಧ ಭಾಗಕ್ಕೂ ಭತ್ಯೆಯು ಕಡಿಮೆ ಇರತಕ್ಕದ್ದಲ್ಲ. 2025-26ನೇ ಸಾಲಿನಲ್ಲಿ ಕರ್ನಾಟಕದ ಕೂಲಿದರ ದಿನಕ್ಕೆ 370 ರೂಪಾಯಿ. ಅದರಂತೆ ಮೊದಲ 30 ದಿನಗಳಿಗೆ ದಿನವೊಂದಕ್ಕೆ 92 ರೂಪಾಯಿ 50 ಪೈಸೆ, ನಂತರ 185 ರೂಪಾಯಿ. ಈ ವೆಚ್ಚವನ್ನು ರಾಜ್ಯ ಸರ್ಕಾರವೇ ಭರಿಸತಕ್ಕದ್ದು.

ದಿನಾಂಕವುಳ್ಳ ಸ್ವೀಕೃತಿ

ಭತ್ಯೆಯ ಹಕ್ಕು ನಿಂತಿರುವುದು ಒಂದೇ ಕಾಗದದ ಮೇಲೆ. ಕೆಲಸ ಕೋರಿ ಗ್ರಾಮ ಪಂಚಾಯಿತಿಗೆ ಸಲ್ಲಿಸಿದ ಅರ್ಜಿಗೆ ದಿನಾಂಕ ನಮೂದಿಸಿದ ಸ್ವೀಕೃತಿ ಪತ್ರ ಇಲ್ಲದಿದ್ದಲ್ಲಿ 15 ದಿನಗಳು ಎಂದಿನಿಂದ ಆರಂಭವಾದವು ಎಂಬುದನ್ನು ಸಾಬೀತುಪಡಿಸುವುದು ಕಷ್ಟ. ಕಾಮಗಾರಿ ಸಿದ್ಧವಾದ ದಿನವೇ ಬೇಡಿಕೆಯನ್ನು ಗಣಕಯಂತ್ರದಲ್ಲಿ ದಾಖಲಿಸಿದಲ್ಲಿ, ಕೂಲಿಕಾರರು ತಿಂಗಳುಗಟ್ಟಲೆ ಕಾದಿದ್ದರೂ ಕಡತದಲ್ಲಿ ಯಾವ ವಿಳಂಬವೂ ಕಾಣಿಸುವುದಿಲ್ಲ. ಆದ್ದರಿಂದ "ಕೆಲಸ ಬಂದಾಗ ತಿಳಿಸುತ್ತೇವೆ" ಎಂಬ ಮೌಖಿಕ ಉತ್ತರದಿಂದ ತೃಪ್ತರಾಗದೆ, ಉದ್ಯೋಗ ಚೀಟಿಯ ಸಂಖ್ಯೆ, ಕೆಲಸ ಬೇಕಾದ ದಿನಾಂಕ ಹಾಗೂ ದಿನಗಳ ಸಂಖ್ಯೆಯನ್ನು ಬರೆದು ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಪಂಚಾಯಿತಿಯಲ್ಲಿ ಅರ್ಜಿ ಸ್ವೀಕರಿಸದಿದ್ದಲ್ಲಿ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಅಂದರೆ ಕಾರ್ಯಕ್ರಮ ಅಧಿಕಾರಿಗಳಿಗೆ, ನೇರವಾಗಿ ಸಲ್ಲಿಸಬಹುದು.

ವರ್ಷದ ಕೆಲವು ತಿಂಗಳು ಖಾಸಗಿ ಹೊಲದಲ್ಲಿ ಕೂಲಿ ಮಾಡಿದವರು, ಸ್ವಂತ ತುಂಡು ಭೂಮಿ ಉಳ್ಳವರು ಅನರ್ಹರೆಂಬುದು ತಪ್ಪು ತಿಳಿವಳಿಕೆ. ಗ್ರಾಮೀಣ ಕುಟುಂಬದ ವಯಸ್ಕ ಸದಸ್ಯರು ಕೌಶಲ್ಯರಹಿತ ದೈಹಿಕ ಕೆಲಸಕ್ಕೆ ಸಿದ್ಧರಿದ್ದರೆ ಸಾಕು. ಪಟ್ಟಣ ಪ್ರದೇಶದ ನಿವಾಸಿಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಪದವೀಧರರಿಗೆ ಹಾಗೂ ಡಿಪ್ಲೊಮಾ ಪಡೆದವರಿಗೆ ನೀಡುವ ಯುವನಿಧಿಯು ಬೇರೆಯೇ ಯೋಜನೆ. ಎರಡನ್ನೂ ಒಂದೆಂದು ಭಾವಿಸಿ ತಪ್ಪು ಕಚೇರಿಗೆ ಅಲೆಯುವವರೂ ಇದ್ದಾರೆ.

2025ರ ಬದಲಾವಣೆ

2005ರ ಅಧಿನಿಯಮಕ್ಕೆ ಬದಲಾಗಿ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾಯ್ದೆಯನ್ನು (ವಿಬಿ-ಜಿ ರಾಮ್ ಜಿ) ಅಂಗೀಕರಿಸಿತು. ಖಾತರಿಯು 100ರಿಂದ 125 ದಿನಗಳಿಗೆ ಏರಿದೆ. 15 ದಿನಗಳ ನಿಯಮ ಮತ್ತು ಭತ್ಯೆ ಉಳಿದಿವೆ. ಆದರೆ ಬಿತ್ತನೆ ಹಾಗೂ ಸುಗ್ಗಿಯ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನ ಕಾಮಗಾರಿ ನಿಲ್ಲಿಸಲು ಅವಕಾಶ ಕಲ್ಪಿಸಲಾಗಿದೆ. ಸುಗ್ಗಿಯ ನಂತರದ ಖಾಲಿ ತಿಂಗಳುಗಳಿಗೆ ಮುಂಗಡವಾಗಿಯೇ ಬೇಡಿಕೆ ಸಲ್ಲಿಸುವುದು ಇದರಿಂದ ಇನ್ನಷ್ಟು ಅಗತ್ಯ. ಯಾವ ಕಾಯ್ದೆಯಡಿ ಬೇಡಿಕೆ ಸ್ವೀಕರಿಸಲಾಗುತ್ತಿದೆ, ಯಾವ ದಿನಗಳನ್ನು ವಿರಾಮವೆಂದು ಅಧಿಸೂಚಿಸಲಾಗಿದೆ ಎಂಬುದನ್ನು ಪಂಚಾಯಿತಿಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು.

ಹಿಂದಿನ ಅಧಿನಿಯಮದಲ್ಲಿ, ನೀಡಿದ ಕೆಲಸವನ್ನು ನಿರಾಕರಿಸಿದವರು ಅಥವಾ ಸೂಚನೆ ತಲುಪಿದ 15 ದಿನಗಳೊಳಗೆ ಹಾಜರಾಗದವರು ಮೂರು ತಿಂಗಳ ಕಾಲ ಭತ್ಯೆಗೆ ಅನರ್ಹರಾಗುತ್ತಿದ್ದರು. ಗುಳೆ ಹೋದ ಊರಿನಿಂದ ಸಕಾಲಕ್ಕೆ ಮರಳಲಾಗದವರಿಗೆ ಈ ಷರತ್ತು ಕಠಿಣವಾಗಿತ್ತು. ಹೊಸ ಕಾಯ್ದೆಯಲ್ಲಿ ಅನರ್ಹತೆಯ ಈ ಅಂಶಗಳನ್ನು ಕೈಬಿಡಲಾಗಿದೆ.