ತಲಕಾಡಿನ ಮರಳು: ಶಾಪಕಥನ ಮತ್ತು ಚರಿತ್ರೆ

ಕಾವೇರಿಯ ಒಂದು ದಂಡೆಯಲ್ಲಿ ತಲಕಾಡು, ಎದುರು ದಂಡೆಯಲ್ಲಿ ಮಾಲಂಗಿ. ಆಸುಪಾಸಿನಲ್ಲಿ ವಿಜಯಾಪುರ, ಮುಡುಕುತೊರೆ. ಈ ಗ್ರಾಮಸಮೂಹದ ಹೆಸರೆತ್ತಿದೊಡನೆ ಅಲಮೇಲಮ್ಮನ ಶಾಪ ನೆನಪಾಗುತ್ತದೆ. ಅದರ ಪ್ರಭಾವ ಎಷ್ಟೆಂದರೆ, ಊರಿನ ಉಳಿದ ಚರಿತ್ರೆಯೂ ಮರಳಿನಡಿ ಸೇರಿದಂತಾಗಿದೆ.

ತಲಕಾಡು ಗಂಗರ ರಾಜಧಾನಿಯಾಗಿತ್ತು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರ ವಶವಾಗಿ ರಾಜರಾಜಪುರವೆನಿಸಿತು. ಚೋಳರ ಅಧಿಕಾರಿ ಆದಿಯಮನನ್ನು ಸೋಲಿಸಿ ಇದನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನನು 'ತಲಕಾಡುಗೊಂಡ' ಎಂಬ ಬಿರುದನ್ನು ಧರಿಸಿದನು. ವಿಜಯದ ಸ್ಮಾರಕವಾಗಿ 1117ರಲ್ಲಿ ಕೀರ್ತಿನಾರಾಯಣ ದೇವಾಲಯವನ್ನು ಕಟ್ಟಿಸಿದನು.

ಶಾಪದ ಕಥೆ 1610ಕ್ಕೆ ಸಂಬಂಧಿಸಿದ್ದು. ಆ ವರ್ಷ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ವಿಜಯನಗರದ ಪ್ರತಿನಿಧಿಯ ಪತ್ನಿ ಅಲಮೇಲಮ್ಮನ ಆಭರಣಗಳಿಗಾಗಿ ಒಡೆಯರ ಆಳುಗಳು ಬೆನ್ನಟ್ಟಿದಾಗ, ಆಕೆ ತಲಕಾಡು ಮರಳಾಗಲೆಂದೂ ಮಾಲಂಗಿ ಮಡುವಾಗಲೆಂದೂ ಮೈಸೂರರಸರಿಗೆ ಸಂತಾನವಿಲ್ಲದಾಗಲೆಂದೂ ಶಪಿಸಿ ಹೊಳೆಗೆ ಹಾರಿದಳೆಂಬುದು ಜನಜನಿತ ಕಥನ. ಆದರೆ ಒಡೆಯರ ವಂಶಾವಳಿಯಲ್ಲಿ ಮಕ್ಕಳಿದ್ದ ಅರಸರೂ ಇದ್ದಾರೆ.

ಮರಳಿಗೆ ವಿದ್ವಾಂಸರು ನೀಡುವ ವಿವರಣೆ ಬೇರೆ. ನದಿಯ ತಿರುವಿನಲ್ಲಿ ಸಂಗ್ರಹವಾದ ಮರಳು, ನೀರಿಳಿದಾಗ ಬಯಲಾಗಿ, ಗಾಳಿಗೆ ದಂಡೆಯೇರಿ ದಿಬ್ಬವಾಯಿತೆಂಬುದು ಅದರ ತಿರುಳು. ಹದಿನಾಲ್ಕನೆಯ ಶತಮಾನದ್ದೆನ್ನಲಾಗುವ ಮಾಧವಮಂತ್ರಿ ಕಟ್ಟೆಯಿಂದ ಹೊಳೆಯ ಹರಿವು ಬದಲಾದುದೂ ಇದಕ್ಕೆ ಕಾರಣವೆಂಬ ವಾದವಿದೆ. ಈ ವಾದವನ್ನು ಒಪ್ಪಿದರೆ, ಮರಳಿನ ಕಥೆ ಶಾಪಕ್ಕಿಂತ ಸುಮಾರು ಎರಡು ಶತಮಾನ ಹಿಂದಕ್ಕೆ ಸರಿಯುತ್ತದೆ.

ಹಾಗೆಂದು ಕಥನವನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದು ಜಾನಪದ ಅಧ್ಯಯನದ ದೃಷ್ಟಿಯಿಂದ ಸಮಂಜಸವಲ್ಲ. ತಲೆಮಾರುಗಳ ಕಾಲ ನಿಧಾನವಾಗಿ ನಡೆದ ಮರಳಿನ ಅತಿಕ್ರಮಣವನ್ನು ಜನಮನ ಒಂದು ಕ್ಷಣಕ್ಕೆ, ಒಬ್ಬ ಹೆಣ್ಣಿನ ಮಾತಿಗೆ ಕಟ್ಟಿಹಾಕಿದೆ. ಗೆದ್ದವನ ಬಿರುದನ್ನು ಶಾಸನ ಉಳಿಸಿಕೊಂಡರೆ, ಸೋತವಳ ಸಂಕಟವನ್ನು ಉಳಿಸಿಕೊಂಡದ್ದು ಮೌಖಿಕ ಪರಂಪರೆ. ಮೈಸೂರು ಅರಮನೆಯಲ್ಲಿಯೇ ಅಲಮೇಲಮ್ಮನ ಮೂರ್ತಿಗೆ ಪೂಜೆ ಸಲ್ಲುತ್ತಿರುವುದನ್ನು ಗಮನಿಸಿದರೆ, ಆ ಸಂಕಟಕ್ಕೆ ಗೆದ್ದವರೂ ಅಂಜಿದರೆನ್ನಬೇಕು. ಆದರೆ ಒಂದು ಕೊರತೆಯನ್ನು ಹೇಳಲೇಬೇಕು. ಕಥೆಯಲ್ಲಿ ಅರಸರಿದ್ದಾರೆ, ರಾಣಿಯಿದ್ದಾಳೆ. ಮರಳು ಏರಿದಂತೆಲ್ಲ ಮನೆ, ಹೊಲ ಬಿಟ್ಟು ಸರಿದ ಒಕ್ಕಲುಗಳಿಲ್ಲ.

ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ, ವಿಜಯಾಪುರದ ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ ಇವೇ ಪಂಚಲಿಂಗಗಳು. 2006, 2009, 2013 ಮತ್ತು 2020ರಲ್ಲಿ ಪಂಚಲಿಂಗ ದರ್ಶನ ನಡೆಯಿತು. ಕಾರ್ತಿಕ ಸೋಮವಾರದ ವಿಶೇಷ ಯೋಗ ಕೂಡಿಬಂದಾಗ ಭಕ್ತರು ಒಂದೇ ದಿನ ಈ ಐದನ್ನೂ ಸುತ್ತುತ್ತಾರೆ. ಹಾಗೆ ಸುತ್ತುವಾಗ, ಪಾತಾಳೇಶ್ವರನ ದರ್ಶನಕ್ಕೆ ಮರಳ ದಿಬ್ಬದಿಂದ ಕೆಳಗಿಳಿಯಬೇಕು.